ಲ ಶಾಂಬೋನಿನ ಬಾಗಿಲುಗಳು

1940ರ ಜೂನ್ 22ರಂದು ಫ್ರಾನ್ಸ್ ಜರ್ಮನಿಯೊಡನೆ ಕದನವಿರಾಮಕ್ಕೆ ಸಹಿ ಹಾಕಿತು. ಮರುದಿನ ಭಾನುವಾರ. ಸುಮಾರು ಸಾವಿರ ಮೀಟರ್ ಎತ್ತರದ ಬೆಟ್ಟಸೀಮೆಯ ಊರು ಲ ಶಾಂಬೋನ್‌ನ ಪ್ರಾಟೆಸ್ಟೆಂಟ್ ಚರ್ಚಿನಲ್ಲಿ ಪಾದ್ರಿಗಳಾದ ಆಂದ್ರೆ ತ್ರೋಕ್ಮೆ ಮತ್ತು ಎದುವಾರ್ ತೈಸ್, ಮನಸ್ಸಾಕ್ಷಿಯ ಮೇಲಿನ ಬಲಾತ್ಕಾರವನ್ನು ಆತ್ಮದ ಆಯುಧಗಳಿಂದ ಎದುರಿಸಬೇಕೆಂದು ಸಭೆಗೆ ಹೇಳಿದರು.

ಸೋತ ನಾಡಿಗೆ ಮಾರ್ಷಲ್ ಪೆತಾಂ ಸರ್ಕಾರ ಆಗ ಹೊಸ ದೇಶಭಕ್ತಿಯ ಪಾಠ ಶುರುಮಾಡಿತ್ತು. ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಇದ್ದ ಜಾಗಕ್ಕೆ ದುಡಿಮೆ, ಕುಟುಂಬ, ತಾಯ್ನಾಡು ಬಂದವು. 1927ರಿಂದೀಚೆಗೆ ಪೌರತ್ವ ಪಡೆದವರ ಕಡತಗಳನ್ನು ಜುಲೈ 22ರ ಕಾನೂನು ಮತ್ತೆ ಬಿಚ್ಚಿಸಿತು. ಸುಮಾರು 15,000 ಮಂದಿ ಪೌರತ್ವ ಕಳೆದುಕೊಂಡರು. ಅವರಲ್ಲಿ ಸುಮಾರು 6,000 ಯಹೂದಿಗಳು. ತಾಯ್ನಾಡಿನ ಹೆಸರಿನಲ್ಲಿ ನಡೆದ ಮೊದಲ ಕೆಲಸವೇ ನೆರೆಮನೆಯವರನ್ನು ಪರಕೀಯರನ್ನಾಗಿಸುವುದು!

ಲ ಶಾಂಬೋನ್ ಇದಕ್ಕೆ ಒಗ್ಗಲಿಲ್ಲ. ಕೈ ಮುಂಚಾಚಿ ಮಾಡಬೇಕಿದ್ದ ಧ್ವಜವಂದನೆ ಅಲ್ಲಿನ ಶಾಲೆಯಲ್ಲಿ ಬರಬರುತ್ತಾ ನಿಂತೇಹೋಯಿತು. ಸರ್ಕಾರಿ ಸಮಾರಂಭಕ್ಕಾಗಿ ಗಂಟೆ ಬಾರಿಸಲು ಚರ್ಚಿನ ಗಂಟೆ ನೋಡಿಕೊಳ್ಳುತ್ತಿದ್ದ ಹೆಂಗಸು ಒಪ್ಪಲಿಲ್ಲ. ಗಂಟೆ ದೇವರದು, ಮಾರ್ಷಲ್‌ರದಲ್ಲ ಎಂದಳು.

ಮೊದಲ ಚಳಿಗಾಲದಲ್ಲೇ ಜರ್ಮನಿಯ ಯಹೂದಿ ಹೆಂಗಸೊಬ್ಬಳು ಪಾದ್ರಿಮನೆಯ ಬಾಗಿಲು ತಟ್ಟಿದಳು. ತ್ರೋಕ್ಮೆಯ ಹೆಂಡತಿ ಮಾಗ್ದಾ ಅವಳನ್ನು ಒಳಗೆ ಕರೆದು, ಒಲೆಯ ಬಳಿ ಕೂರಿಸಿ, ಗುರುತುಪತ್ರ ಕೇಳಲು ಮೇಯರ್ ಬಳಿಗೆ ಓಡಿದರು. ಒಬ್ಬ ಪರದೇಶಿಗಾಗಿ ಊರಿನವರನ್ನೆಲ್ಲ ಅಪಾಯಕ್ಕೆ ಒಡ್ಡುತ್ತೀರಾ ಎಂದು ಮೇಯರ್ ಗದರಿದರು. ಮೇಯರ್ ಕ್ರೂರಿಯಲ್ಲ, ಊರಿನ ಕ್ಷೇಮ ಅವರ ಹೊಣೆ. ಆದರೆ ಕ್ಷೇಮವನ್ನು ನಮ್ಮವರಿಗಷ್ಟೇ ಮೀಸಲಿಡುವ ಆ ಲೆಕ್ಕವೇ ಕಾನೂನಿಗೆ ಬಲ ಕೊಟ್ಟಿತು. ಮಾಗ್ದಾ ಸ್ವತಃ ಪರದೇಶಿಯೇ: ಇಟಲಿಯವರು, ಫ್ಲಾರೆನ್ಸಿನಲ್ಲಿ ಹುಟ್ಟಿದವರು.

ಆ ಸೀಮೆಯ ಜನ ಹ್ಯೂಗನಾಟರ, ಅಂದರೆ ಹಳೆಯ ಫ್ರೆಂಚ್ ಪ್ರಾಟೆಸ್ಟೆಂಟರ ವಂಶದವರು. 1685ರಲ್ಲಿ ದೊರೆ ಹದಿನಾಲ್ಕನೆಯ ಲೂಯಿ ಅವರ ಪೂಜೆಯನ್ನೇ ನಿಷೇಧಿಸಿದ್ದ. ಅಜ್ಜಂದಿರು ಕಾಡಿನಲ್ಲಿ ಕದ್ದು ಪ್ರಾರ್ಥಿಸಿದ ಕಥೆಗಳು ಮನೆಮನೆಯಲ್ಲೂ ಜೀವಂತವಾಗಿದ್ದವು. ನಿರಪರಾಧಿಯ ರಕ್ತ ಹರಿಯದಂತೆ ಆಶ್ರಯನಗರಗಳನ್ನು ಕಟ್ಟಬೇಕೆಂಬ ಬೈಬಲಿನ ಆಜ್ಞೆಯನ್ನು ಅವರು ತಮಗೇ ಬಂದ ಅಪ್ಪಣೆಯೆಂದು ಓದಿದರು. ಅವರೂ ಫ್ರೆಂಚರೇ, ದೇಶವನ್ನು ಬಿಟ್ಟುಕೊಟ್ಟವರಲ್ಲ. ಹಾಗಾಗಿಯೇ ಅವರ ನಿರಾಕರಣೆಗೆ ಅಷ್ಟು ತೂಕ.

1942ರ ಜುಲೈನಲ್ಲಿ ಪ್ಯಾರಿಸ್ ಪೊಲೀಸರು ಸುಮಾರು 13,000 ಯಹೂದಿಗಳನ್ನು ಹಿಡಿದರು. ಆಗಸ್ಟ್‌ನಲ್ಲಿ ಯುವಜನ ಇಲಾಖೆಯ ಮುಖ್ಯಸ್ಥ ಲಾಮಿರಾಂ ಊರಿಗೆ ಬಂದಾಗ ವಿದ್ಯಾರ್ಥಿಗಳು ಪತ್ರ ಕೊಟ್ಟರು: ತಮ್ಮ ನಡುವೆಯೂ ಯಹೂದಿಗಳಿದ್ದಾರೆ, ಭೇದ ಮಾಡುವುದಿಲ್ಲ, ಹಿಡಿಯಲು ಬಂದರೆ ಬಚ್ಚಿಡುತ್ತೇವೆ. ಕೆಲವೇ ದಿನಗಳಲ್ಲಿ ಪೊಲೀಸರು ಬಸ್ಸುಗಳೊಂದಿಗೆ ಬಂದರು; ನಿರಾಶ್ರಿತರು ಕಾಡು, ಒಕ್ಕಲುಮನೆಗಳಲ್ಲಿ ಮರೆಯಾದರು. 1943ರ ಫೆಬ್ರವರಿಯಲ್ಲಿ ಪಾದ್ರಿಗಳಿಬ್ಬರೂ ಬಂಧಿತರಾದರು. ಪೆತಾಂ ಸರ್ಕಾರಕ್ಕೆ ವಿಧೇಯರಾಗಿರುವ ಮುಚ್ಚಳಿಕೆಗೆ ಸಹಿ ಹಾಕಲು ನಿರಾಕರಿಸಿದರೂ ಕೊನೆಗೆ ಬಿಡುಗಡೆಯಾಯಿತು. ಜೂನ್ 29ರಂದು ವಿದ್ಯಾರ್ಥಿಗಳ ಜೊತೆ ಸೆರೆಸಿಕ್ಕ, ತ್ರೋಕ್ಮೆಯ ಸಂಬಂಧಿ ದಾನಿಯೆಲ್‌ಗೆ ಆ ಅದೃಷ್ಟವಿರಲಿಲ್ಲ. 1944ರಲ್ಲಿ ಅವರು ನಾಜಿಗಳ ಮಾಯ್ದಾನೆಕ್ ಶಿಬಿರದಲ್ಲಿ ತೀರಿಕೊಂಡರು.

1990ರಲ್ಲಿ ಇಸ್ರೇಲಿನ ಹೋಲೊಕಾಸ್ಟ್ ಸ್ಮಾರಕ ಸಂಸ್ಥೆ ಯಾದ್ ವಾಶೆಮ್ ಆ ಸೀಮೆಯ ಜನರನ್ನು ಒಟ್ಟಾಗಿ ಗೌರವಿಸಿದ್ದು ನ್ಯಾಯವೇ. ಪಾದ್ರಿಗಳು ಸೆರೆಯಲ್ಲಿದ್ದಾಗಲೂ ಕೆಲಸ ನಿಲ್ಲಲಿಲ್ಲ. ರೈತರು ಮಕ್ಕಳನ್ನು ಅಡಗಿಸಿದರು. ತಾನೇ ನಿರಾಶ್ರಿತನಾಗಿದ್ದ ಯಹೂದಿ ಹುಡುಗ ಓಸ್ಕರ್ ರೊಸೊವ್‌ಸ್ಕಿ ಸುಳ್ಳು ಗುರುತುಪತ್ರಗಳನ್ನು ಮಾಡಿಕೊಡುತ್ತಲೇ ಹೋದ.