ಪಕ್ಕದ ತರಗತಿಯ ಅಧ್ಯಾಪಕ

ಬೆಳಗಿನ ಹೊತ್ತು ಬಂಗಾರಪೇಟೆಯ ರೈಲು ನಿಲ್ದಾಣದಲ್ಲಿ ನಿಂತವರಿಗೆ ಒಂದು ದೃಶ್ಯ ಪರಿಚಿತವಾದುದು. ಮಾರಿಕುಪ್ಪದ ಕಡೆಯಿಂದ ಬಂದ ಗಾಡಿ ಬೆಂಗಳೂರಿಗೆ ದುಡಿಯಲು ಹೋಗುವವರನ್ನು ಕಿಕ್ಕಿರಿಯುವಂತೆ ತುಂಬಿಕೊಂಡು ಹೊರಡುತ್ತದೆ. ಅದರಿಂದ ಇಲ್ಲಿಯೇ ಇಳಿಯುವ ನಾಲ್ಕಾರು ಮಂದಿಯ ಕೈಯಲ್ಲಿ ಪುಸ್ತಕದ ಚೀಲವೂ ಊಟದ ಡಬ್ಬಿಯೂ ಇರುತ್ತವೆ. ಅವರು ಪಾಠ ಹೇಳಲು ಬಂದವರು. ಅಂಥವರ ನಡುವೆ, ಈ ಸೀಮೆಯ ಒಂದು ಕಾಲೇಜಿನಲ್ಲಿ, ನಾನು ಬಹುಕಾಲ ಕನ್ನಡ ಅಧ್ಯಾಪಕನಾಗಿದ್ದೆ.

ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ಖಾಯಂ ಆದವರಿಗೆ ಮೇಜು, ಕುರ್ಚಿ, ಬೀಗದ ಕಪಾಟು ಇದ್ದವು. ಅತಿಥಿ ಉಪನ್ಯಾಸಕರು ಗೋಡೆಯ ಪಕ್ಕದ ಉದ್ದನೆಯ ಬೆಂಚಿನ ಮೇಲೆ ಕೂರುತ್ತಿದ್ದರು. ಹೀಗೆ ಕೂರಬೇಕೆಂದು ಯಾರೂ ಆಜ್ಞೆ ಮಾಡಿರಲಿಲ್ಲ. ಬೇಡವೆಂದೂ ಯಾರೂ ಹೇಳಲಿಲ್ಲ. ಅತಿಥಿ ಎಂದರೆ ತಿಥಿಯನ್ನು ನೋಡದೆ ಬರುವವನು ಎಂದು ಹಿರಿಯರು ಅರ್ಥ ಹೇಳುತ್ತಿದ್ದರು. ಅವನಿಗೆ ಮಣೆ ಹಾಕಿ, ಕಾಲಿಗೆ ನೀರು ಕೊಟ್ಟು, ಊರು ಹೆಸರು ವಿಚಾರಿಸುವುದು ಗೃಹಸ್ಥನ ಧರ್ಮ. ನಮ್ಮಲ್ಲಿ ಆ ಮಾತು ತಲೆಕೆಳಗಾಯಿತು. ಕಾಲೇಜಿನ ಅತಿಥಿ ವೇಳಾಪಟ್ಟಿ ನೋಡಿಕೊಂಡೇ ಬರುತ್ತಾನೆ, ವರ್ಷಗಟ್ಟಲೆ ಬರುತ್ತಾನೆ. ಮಣೆ ಹಾಕುವವರು ಮಾತ್ರ ಇಲ್ಲ.

ಒಂದು ಮಧ್ಯಾಹ್ನ ಜೋರಾಗಿ ಮಳೆ ಬಂದು ನಾನು ಪಕ್ಕದ ತರಗತಿಯ ಬಾಗಿಲಲ್ಲಿ ನಿಲ್ಲಬೇಕಾಯಿತು. ಒಳಗೆ ಭೌತಶಾಸ್ತ್ರದ ಅತಿಥಿ ಉಪನ್ಯಾಸಕರು ಪಾಠ ಮಾಡುತ್ತಿದ್ದರು. ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ ಸುಮಾರು 2.3 ಕಿಲೋಮೀಟರ್ ಕೆಳಗೆ, 1965ರಲ್ಲಿ ನಡೆದ ಪ್ರಯೋಗವೊಂದರ ಕಥೆ ಅದು. ಆಕಾಶದಿಂದ ಬರುವ ವಿಶ್ವಕಿರಣಗಳ ಗದ್ದಲವನ್ನೆಲ್ಲ ಅಷ್ಟು ದಪ್ಪದ ಬಂಡೆ ತಡೆಯುತ್ತದೆ. ಬಂಡೆಯನ್ನೂ ಲೆಕ್ಕಿಸದೆ ಹಾದುಬರುವ ನ್ಯೂಟ್ರಿನೋ ಎಂಬ ಕಣದ ಸುಳಿವನ್ನು ಆ ನಿಶ್ಶಬ್ದದಲ್ಲಿ ಹಿಡಿಯಬಹುದು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋದ ಸುಳಿವನ್ನು ಹಾಗೆ ಜಗತ್ತಿನಲ್ಲಿ ಮೊದಲು ಪ್ರಕಟಿಸಿದ್ದು ನಮ್ಮ ಕೋಲಾರದ ಗಣಿಯಿಂದ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯ, ಇವು ಮೂರೂ ಕೂಡಿ ಮಾಡಿದ ಕೆಲಸ ಅದು. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಆ ತಂಡದಲ್ಲಿದ್ದರು. "ಆ ಲೇಖನಕ್ಕೆ ಹನ್ನೊಂದು ಜನ ಕರ್ತೃಗಳು. ಯಾರೊಬ್ಬರ ಹೆಸರನ್ನೂ ಬಿಟ್ಟಿಲ್ಲ" ಎಂದು ಅವರು ಮಕ್ಕಳಿಗೆ ಹೇಳುತ್ತಿದ್ದರು. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, "ನಮ್ಮ ತಾತ ಅದೇ ಗಣಿಯಲ್ಲಿ ಇಳೀತಿದ್ರು ಸಾರ್" ಎಂದ. ಗಣಿ ಮುಚ್ಚಿದ್ದು 2001ರ ಫೆಬ್ರವರಿಯಲ್ಲಿ. ಅನಂತರ ಹುಟ್ಟಿದ ಹುಡುಗನ ಮುಖದಲ್ಲಿ ತಾತನ ಊರಿನ ಬಗ್ಗೆ ಅಂದು ಮೂಡಿದ ಹೆಮ್ಮೆಯನ್ನು ನಾನು ಎಷ್ಟು ಪದ್ಯ ಪಾಠ ಮಾಡಿಯೂ ಮೂಡಿಸಿರಲಿಲ್ಲ.

ಮಾರನೆಯ ದಿನ ಬೆಂಚಿನ ಬಳಿಗೆ ಹೋಗಿ, "ನಿಮ್ಮ ಪಾಠ ಬಹಳ ಚೆನ್ನಾಗಿತ್ತು" ಎಂದೆ. ಅವರು ಗಾಬರಿಯಿಂದ ಎದ್ದು ನಿಂತರು. "ಇಲ್ಲಿ ಒಂಬತ್ತು ವರ್ಷ ಆಯ್ತು ಸಾರ್. ಪಾಠದ ವಿಷಯ ಒಬ್ಬರು ಮೇಷ್ಟ್ರು ಮಾತಾಡಿದ್ದು ಇದೇ ಮೊದಲು" ಎಂದರು. ಆಗ ನನಗೆ ಹೊಳೆದ ಸಂಗತಿ ನಾಚಿಕೆಯದು: ನನಗೆ ಅವರ ಹೆಸರೇ ತಿಳಿದಿರಲಿಲ್ಲ. ನಾವೆಲ್ಲ ಅವರನ್ನು "ಫಿಸಿಕ್ಸ್ ಗೆಸ್ಟು" ಎನ್ನುತ್ತಿದ್ದೆವು.

ಕನ್ನಡದ ಅಧ್ಯಾಪಕನಾದ ನಾನು ಇದನ್ನು ಮೊದಲೇ ಅರಿಯಬೇಕಿತ್ತು. ಹೊಸಗನ್ನಡ ಬೆಳೆದದ್ದೇ ಅಧ್ಯಾಪಕರು ಒಬ್ಬರನ್ನೊಬ್ಬರು ಕೇಳಿಸಿಕೊಂಡದ್ದರಿಂದ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ ಎ.ಆರ್. ಕೃಷ್ಣಶಾಸ್ತ್ರಿಗಳು 1919ರಲ್ಲಿ 'ಪ್ರಬುದ್ಧ ಕರ್ಣಾಟಕ'ವನ್ನು ಹೊರತಂದರು. ಅವರನ್ನೂ ಟಿ.ಎಸ್. ವೆಂಕಣ್ಣಯ್ಯನವರನ್ನೂ ಜನ ಅಶ್ವಿನೀದೇವತೆಗಳೆಂದು ಜೊತೆಯಾಗಿಯೇ ನೆನೆದರು. ವೆಂಕಣ್ಣಯ್ಯನವರು ಬರೆದದ್ದು ಕಡಮೆ, ಬರೆಯಿಸಿದ್ದು ಹೆಚ್ಚು. ಅವರು 1939ರಲ್ಲಿ ತೀರಿಕೊಂಡರು. ಮುಂದೆ ಕುವೆಂಪು ತಮ್ಮ 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯವನ್ನು ಆ ಗುರುವಿಗೇ ಅರ್ಪಿಸಿದರು. ಬಿ.ಎಂ. ಶ್ರೀಕಂಠಯ್ಯನವರಿಗೆ ಶಿಷ್ಯರೂ ಮಿತ್ರರೂ 1941ರಲ್ಲಿ ಒಪ್ಪಿಸಿದ ಗ್ರಂಥದ ಹೆಸರು 'ಸಂಭಾವನೆ'. ಈ ಪದಕ್ಕೆ ಗೌರವವೆಂಬ ಅರ್ಥವೂ ಉಂಟು, ದುಡಿಮೆಗೆ ಕೊಡುವ ಹಣವೆಂಬ ಅರ್ಥವೂ ಉಂಟು. ಎರಡನ್ನೂ ಒಂದೇ ಮಾತಿನಲ್ಲಿ ಇಟ್ಟವರು ತಿಳಿದವರು.

ಏಕೆಂದರೆ ಒಂದು ಇನ್ನೊಂದರ ಬದಲಿಗೆ ಸಲ್ಲುವುದಿಲ್ಲ. ಅತಿಥಿ ಉಪನ್ಯಾಸಕರು ವಾರಗಟ್ಟಲೆ ಮುಷ್ಕರ ಹೂಡಿದ ಮೇಲೆ 2022ರ ಜನವರಿಯಲ್ಲಿ ಸರ್ಕಾರ ಅವರ ಗೌರವಧನವನ್ನು ಹೆಚ್ಚಿಸಿತು. ನಾಲ್ಕು ಒಳ್ಳೆಯ ಮಾತುಗಳಿಂದ ಮನೆಯ ಬಾಡಿಗೆ ಸಲ್ಲುವುದಿಲ್ಲ ಎಂಬುದನ್ನು ನಾನು ಬಲ್ಲೆ. ಆದರೆ ಹಣ ಕೊಡುವುದು ಸರ್ಕಾರದ ಕೈಯಲ್ಲಿದ್ದರೆ, ಗೌರವ ಕೊಡುವುದು ನಮ್ಮ ಕೈಯಲ್ಲಿತ್ತು. ಅದಕ್ಕೆ ಯಾವ ಇಲಾಖೆಯ ಮಂಜೂರಾತಿಯೂ ಬೇಕಿರಲಿಲ್ಲ.

ಆ ವರ್ಷ ನಾವು ಸಣ್ಣದೊಂದು ಏರ್ಪಾಟು ಮಾಡಿಕೊಂಡೆವು. ಶನಿವಾರ ಕೊನೆಯ ಪಾಠವಾದ ಮೇಲೆ ಒಬ್ಬರು ತಾವು ಆ ವಾರ ಕಲಿಸಿದ್ದನ್ನು ಇಪ್ಪತ್ತು ನಿಮಿಷ ಉಳಿದವರಿಗೆ ಹೇಳುವುದು. ಹಾರವಿಲ್ಲ, ಶಾಲಿಲ್ಲ; ಒಂದು ಲೋಟ ಚಹಾ ಅಷ್ಟೆ. ಮೊದಲ ವಾರ ಐದು ಜನ ಬಂದರು. ಗಾಡಿಯ ಹೊತ್ತಾಯಿತೆಂದು ಹೊರಟವರೂ ಇದ್ದರು. ಬರಬರುತ್ತ ಬೆಂಚು ಗೋಡೆಯಿಂದ ಸರಿದು ಮೇಜಿನ ಬಳಿಗೆ ಬಂತು. ವಾರ್ಷಿಕ ಸಂಚಿಕೆಯ ಅಧ್ಯಾಪಕರ ಚಿತ್ರದಲ್ಲಿ ಮೊದಲ ಸಲ ಎಲ್ಲರೂ ನಿಂತರು. ಕೆಳಗೆ ಎಲ್ಲರ ಹೆಸರೂ ಅಚ್ಚಾಯಿತು.

ಮರುವರ್ಷ ಭೌತಶಾಸ್ತ್ರದ ಪಾಠದ ಅವಧಿಗಳು ಕಡಮೆಯಾದವು. ಅವರಿಗೆ ಕರೆ ಬರಲಿಲ್ಲ. ಒಂಬತ್ತು ವರ್ಷ ಪಕ್ಕದ ಗೋಡೆಯ ಆಚೆಗಿದ್ದವರನ್ನು ನಾನು ಒಂದು ವರ್ಷ ಮಾತ್ರ ಬಲ್ಲವನಾದೆ.

ನಿವೃತ್ತಿಯ ದಿನ ನನಗೂ ಹಾರ ಹಾಕಿದರು. ಹೊಗಳಿಕೆಯ ಮಾತುಗಳನ್ನು ಆಡಿದರು. ಅವರಲ್ಲಿ ಎಷ್ಟು ಜನ ನನ್ನ ಪಾಠ ಕೇಳಿದ್ದರೋ ತಿಳಿಯದು. ಕಾವ್ಯ ಓದುವವನಿಗೆ ಸಹೃದಯತೆ ಬೇಕೆಂದು ಮೂವತ್ತು ವರ್ಷ ವಿದ್ಯಾರ್ಥಿಗಳಿಗೆ ಹೇಳಿದವನು ನಾನು. ಅದು ಪಕ್ಕದ ತರಗತಿಯ ಬಾಗಿಲಲ್ಲಿ ಒಂದು ಗಳಿಗೆ ನಿಲ್ಲುವುದರಿಂದ ಮೊದಲಾಗುತ್ತದೆ ಎಂಬುದನ್ನು ನನಗೆ ಕಲಿಸಲು ಒಂದು ಮಳೆ ಬರಬೇಕಾಯಿತು. ಈಗ ಪಾಠ ಹೇಳುತ್ತಿರುವವರು ಮಳೆಗಾಗಿ ಕಾಯಬೇಕಾಗಿಲ್ಲ.