ಶೀರ್ಷಿಕೆ ಪುಟದಲ್ಲಿ ಯಾರ ಹೆಸರು?

ಕನ್ನಡದಲ್ಲಿ ಹೆಣ್ಣುಮಕ್ಕಳ ಸ್ವತಂತ್ರ ಪ್ರಕಾಶನಕ್ಕೆ ನೂರು ವರ್ಷ ದಾಟಿದೆ. ಬಾಲ್ಯದಲ್ಲೇ ವಿಧವೆಯಾದ ನಂಜನಗೂಡು ತಿರುಮಲಾಂಬಾ 1913ರಲ್ಲಿ ‘ಸತೀ ಹಿತೈಷಿಣೀ’ ಗ್ರಂಥಮಾಲೆ ಆರಂಭಿಸಿ, ತಮ್ಮ ‘ಸುಶೀಲೆ’ ಕಾದಂಬರಿಯನ್ನು ತಾವೇ ಹೊರತಂದರು. ವರ್ಜೀನಿಯಾ ವುಲ್ಫ್ ಪತಿಯೊಂದಿಗೆ ಹೋಗಾರ್ತ್ ಪ್ರೆಸ್ ತೆರೆದದ್ದು ಆಮೇಲೆ, 1917ರಲ್ಲಿ. ಆರ್. ಕಲ್ಯಾಣಮ್ಮ ‘ಸರಸ್ವತಿ’ ಪತ್ರಿಕೆಯನ್ನು ದಶಕಗಳ ಕಾಲ ನಡೆಸಿದರು. ಉಡುಪಿಯಲ್ಲಿ ಸರಸ್ವತಿಬಾಯಿ ರಾಜವಾಡೆಯವರ ‘ಸುಪ್ರಭಾತ’ ಬಂತು, ಬೆಂಗಳೂರಿನಲ್ಲಿ ವಿಜಯಾ ಅವರ ಇಳಾ ಪ್ರಕಾಶನ. ಕರ್ನಾಟಕ ಲೇಖಕಿಯರ ಸಂಘ ಹುಟ್ಟಿದ್ದು 1979ರಲ್ಲಿ. ಈ ಪತ್ರಿಕೆಗಳ ಹಳೆಯ ಸಂಚಿಕೆಗಳನ್ನು ಹುಡುಕಿ ಓದಿದವರು ಸಭೆಯಲ್ಲೇ ಇದ್ದಾರೆ. ಉಳಿದ ವಿವರ ಅವರ ಪ್ರಬಂಧಗಳಿಗೆ ಸೇರಿದ್ದು.

ವಿಮರ್ಶೆ ದಾರಿ ತಪ್ಪಿದ್ದು ಎಣಿಕೆಯಲ್ಲಲ್ಲ, ಪ್ರಶ್ನೆಯಲ್ಲಿ. ಮಹಿಳಾ ಕಾವ್ಯದಲ್ಲಿ ನೋವೆಷ್ಟು, ಪ್ರತಿಭಟನೆಯೆಷ್ಟು ಎಂದು ಅದು ಅಳೆಯುತ್ತ ಬಂದಿದೆ. ಕಾಗದದ ಬಾಕಿ ತೀರಿಸಿದವರು ಯಾರು, ಕರಡು ತಿದ್ದಿದವರು ಯಾರು, ಯಾವ ಕವಿತೆಯನ್ನು ಯಾರು ಕೈಬಿಟ್ಟರು ಎಂದು ಕೇಳಿದ್ದು ಅಪರೂಪ. ಹೀಗಾಗಿ ಕವಯಿತ್ರಿಯ ಮೌನವೆಂದು ಓದಿಕೊಂಡದ್ದು ಕೆಲವೊಮ್ಮೆ ಮುದ್ರಣಾಲಯದ ಬಾಗಿಲು ಮುಚ್ಚಿದ್ದಷ್ಟೇ ಆಗಿರಬಹುದು.

ಈ ಮಾತು ಬಳ್ಳಾರಿಯಲ್ಲಿ ನಡೆಯುತ್ತಿರುವುದು ಉಚಿತವಾಗಿದೆ. ಊರು ಇನ್ನೂ ಮದ್ರಾಸ್ ಪ್ರಾಂತ್ಯದಲ್ಲಿದ್ದ 1926ರಲ್ಲಿ ಇಲ್ಲಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿ ಬಂದವರು ಫ.ಗು. ಹಳಕಟ್ಟಿ. ವಚನಗಳನ್ನು ಅಚ್ಚು ಹಾಕಲು ಮನೆ ಮಾರಿ ‘ಹಿತಚಿಂತಕ’ ಮುದ್ರಣಾಲಯ ನಡೆಸಿದವರು ಅವರು. ಶರಣೆಯರ ವಚನಗಳೂ ಓದುಗರಿಗೆ ಸಿಕ್ಕಿದ್ದರಲ್ಲಿ ಆ ತ್ಯಾಗದ ಪಾಲಿದೆ. ಆ ಅಚ್ಚಿನ ಬೆಲೆ ನಾಡಿಗೆ ನೆನಪಿದೆ, ನೆನಪಿರಬೇಕಾದದ್ದೇ. ತಿರುಮಲಾಂಬಾ ತೆತ್ತ ಬೆಲೆಯನ್ನು ಅಷ್ಟೇ ಶ್ರದ್ಧೆಯಿಂದ ಲೆಕ್ಕ ಹಾಕಿದ್ದು ಕಡಿಮೆ.

ಇದಕ್ಕಿಂತ ಕಠಿಣವಾದ ಪ್ರಶ್ನೆ ಸಂಡೂರು ತಾಲ್ಲೂಕಿನ ದರೋಜಿಯಿಂದ ಏಳುತ್ತದೆ. ಬುಡ್ಗಜಂಗಮ ಸಮುದಾಯದ ಈರಮ್ಮ ಓದುಬರಹ ಕಲಿತವರಲ್ಲ. ಕುಮಾರರಾಮನ ಕಥೆಯೂ ಸೇರಿ ಹನ್ನೆರಡು ಮಹಾಕಾವ್ಯಗಳನ್ನು ಅವರು ನಾಲಗೆಯ ಮೇಲೆ ಇಟ್ಟುಕೊಂಡಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ನೀಡಿತು. 2014ರಲ್ಲಿ ಅವರು ತೀರಿಕೊಂಡರು. ಅವರು ಹಾಡಿದ್ದನ್ನು ಧ್ವನಿಮುದ್ರಿಸಿ ಬರಹಕ್ಕಿಳಿಸಿದವರು ವಿದ್ವಾಂಸರು. ಆ ಕಾವ್ಯ ಪ್ರಕಟವಾದದ್ದು ಯಾವಾಗ? ಪುಸ್ತಕ ಬಂದ ದಿನ ಎಂದರೆ, ಅದಕ್ಕೆ ಮೊದಲು ರಾತ್ರಿಯಿಡೀ ಕುಳಿತು ಕೇಳಿದ ಊರುಗಳು ಲೆಕ್ಕಕ್ಕಿಲ್ಲದಂತಾಗುತ್ತದೆ. ಹಾಡಿದ ದಿನವೇ ಪ್ರಕಟವಾಯಿತು ಎಂದರೆ, ಈರಮ್ಮ ಕವಿಯಷ್ಟೇ ಅಲ್ಲ, ಪ್ರಕಾಶಕಿಯೂ ಹೌದು. ಊರೂರು ತಿರುಗಿ, ಕೊಟ್ಟ ಕಾಳುಕಡ್ಡಿಯಲ್ಲಿ ಬದುಕಿದ ಪ್ರಕಾಶಕಿ. ಎರಡನೆಯ ಉತ್ತರವೇ ಸತ್ಯಕ್ಕೆ ಹತ್ತಿರ. ಆದರೆ ಅದನ್ನು ಒಪ್ಪಿದರೆ ಗ್ರಂಥಸೂಚಿಯನ್ನೂ ಹಕ್ಕುಸ್ವಾಮ್ಯದ ವ್ಯವಸ್ಥೆಯನ್ನೂ ಬುಡದಿಂದಲೇ ಬದಲಿಸಬೇಕಾಗುತ್ತದೆ. ಹಾಡು ಪರಂಪರೆಯದ್ದು ಎನ್ನುವ ವಾದವೂ ಸುಳ್ಳಲ್ಲ. ಹಾಡಿದವಳ ಪಾಲನ್ನು ಅಳಿಸಲು ಅದೇ ವಾದ ಬಳಕೆಯಾಗಿದೆ.

ಈರಮ್ಮ ಹಾಡುತ್ತಿದ್ದ ಬುರ್ರಕಥೆಯನ್ನು ಒಬ್ಬರೇ ಹಾಡುವುದಿಲ್ಲ. ಮುಂದಾಳು ತಂಬೂರಿ ಮೀಟುತ್ತ ಕಥೆ ಎತ್ತಿದರೆ, ಹಿಮ್ಮೇಳದವರು ಸೊಲ್ಲು ಹಿಡಿದು, ಮರೆತಲ್ಲಿ ನೆನಪಿಸಿ, ಮುಂದಕ್ಕೆ ತಳ್ಳುತ್ತಾರೆ. ಅಚ್ಚಾದ ಪುಸ್ತಕದ ಶೀರ್ಷಿಕೆ ಪುಟದಲ್ಲಿ ಕವಿ, ಸಂಪಾದಕ, ಪ್ರಕಾಶಕ ಎಂಬ ಮೂರು ಜಾಗಗಳಿವೆ. ಸೊಲ್ಲು ಹಿಡಿದ ಹೆಣ್ಣುಮಕ್ಕಳನ್ನು ಈ ಮೂರರಲ್ಲಿ ಎಲ್ಲಿ ಕೂರಿಸಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ.