ಮೊದಲ ಡಾಕ್ಟರ್ ಬೇಡ ಅಂದಾಗ



ಬಸವನಗುಡಿ, ಮಲ್ಲೇಶ್ವರದವರಿಗೆ ಶುಗರ್ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಬೆಳಗ್ಗೆ ಲಾಲ್‌ಬಾಗ್ ಗೇಟಿನ ಹತ್ತಿರ ಹಾಗಲಕಾಯಿ ಜ್ಯೂಸ್ ಕುಡಿದು, ಅಲ್ಲಿಂದ ಸೀದಾ ಗಾಂಧಿ ಬಜಾರಿಗೆ ಬಂದು ಬೆಣ್ಣೆ ಹಾಕಿದ ಮಸಾಲೆ ದೋಸೆ ತಿಂದು, ಕೊನೆಗೆ "ಕಾಫಿ ಮಾತ್ರ ಸಕ್ಕರೆ ಇಲ್ಲದೆ ಕೊಡಪ್ಪಾ" ಅನ್ನೋ ಜನ ನಾವು. ನಗಬೇಡಿ, ನಿಮ್ಮ ಮನೆಯಲ್ಲೂ ಒಬ್ಬರಿದ್ದಾರೆ.

ಆದರೆ ನಾನು ಇವತ್ತು ಹೇಳ್ತಿರೋದು ಬೇರೆ ಶುಗರ್ ಬಗ್ಗೆ. ಟೈಪ್ ಒನ್. ಹೆಚ್ಚಾಗಿ ಮಕ್ಕಳಲ್ಲಿ, ಹದಿಹರೆಯದಲ್ಲಿ ಕಾಣಿಸಿಕೊಳ್ಳೋದು. ದೇಹವನ್ನು ಕಾಯಬೇಕಾದ ಪಡೆಯೇ ದಾರಿತಪ್ಪಿ, ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶಮಾಡುತ್ತೆ. ಮಗು ಚಾಕೊಲೇಟ್ ಜಾಸ್ತಿ ತಿಂದಿದ್ದಕ್ಕೆ ಬಂದಿದ್ದಲ್ಲ. ತಾಯಿ ಸರಿಯಾಗಿ ನೋಡಿಕೊಳ್ಳದೆ ಬಂದಿದ್ದೂ ಅಲ್ಲ.

ಚಾಮರಾಜಪೇಟೆಯ ಒಬ್ಬ ತಾಯಿ ನಮಗೆ ಬರೆದಿದ್ದರು. ಮಗ ಶಾಲೆಯ ಫುಟ್‌ಬಾಲ್ ಟೀಮಿನಲ್ಲಿದ್ದ. ಕಾಯಿಲೆ ಗೊತ್ತಾದ ವಾರವೇ ಪಿಟಿ ಮೇಷ್ಟ್ರು ಅವನನ್ನು ಪಕ್ಕಕ್ಕೆ ಕೂರಿಸಿದರು. "ನಾಳೆ ಏನಾದ್ರೂ ಆದ್ರೆ ಯಾರಮ್ಮ ಜವಾಬ್ದಾರಿ?" ಅಂದರಂತೆ. ಆ ತಾಯಿ ನನ್ನನ್ನು ಕೇಳಿದ್ದು ಒಂದೇ ಮಾತು: "ಸರ್, ಇವನು ಆಡಬಹುದಾ?"

ಅಮ್ಮಾ, ನಿಮಗೆ ಸ್ಪೇನ್‌ನ ಒಬ್ಬ ಹುಡುಗನ ವಿಷಯ ಹೇಳ್ತೀನಿ. ಹೆಸರು ನಾಚೊ ಫರ್ನಾಂಡಿಸ್. 1990ರಲ್ಲಿ ಹುಟ್ಟಿದವನು. ರಿಯಲ್ ಮ್ಯಾಡ್ರಿಡ್ ಕ್ಲಬ್ಬಿನ ಅಕಾಡೆಮಿಗೆ ಸೇರಿದ್ದ. 12ನೇ ವಯಸ್ಸಿಗೆ ಟೈಪ್ ಒನ್ ಅಂತ ಗೊತ್ತಾಯ್ತು. ಮೊದಲು ನೋಡಿದ ಡಾಕ್ಟರ್ ಹೇಳಿದ್ದು, ನಿನ್ನ ಫುಟ್‌ಬಾಲ್ ಮುಗೀತು ಅಂತ. ಕೆಲವೇ ದಿನಗಳಲ್ಲಿ ಇನ್ನೊಬ್ಬರು, ಅದೇ ಕಾಯಿಲೆಯ ತಜ್ಞರು, ನೋಡಿ ಹೇಳಿದ್ದು ಪೂರ್ತಿ ಉಲ್ಟಾ: ಆಡು, ಆಡೋದು ನಿನಗೆ ಒಳ್ಳೆಯದು.

ಆ ಹುಡುಗ 2018ರ ವಿಶ್ವಕಪ್‌ನಲ್ಲಿ ಪೋರ್ಚುಗಲ್ ವಿರುದ್ಧ ಗೋಲು ಹೊಡೆದ. 2024ರ ಜೂನ್ 1ರಂದು ಲಂಡನ್ನಿನ ವೆಂಬ್ಲಿಯಲ್ಲಿ, ರಿಯಲ್ ಮ್ಯಾಡ್ರಿಡ್ ನಾಯಕನಾಗಿ ಚಾಂಪಿಯನ್ಸ್ ಲೀಗ್ ಕಪ್ ಎತ್ತಿದ. ಅದು ಅವನ 6ನೇ ಚಾಂಪಿಯನ್ಸ್ ಲೀಗ್. ಮುಂದಿನ ತಿಂಗಳೇ ಸ್ಪೇನ್ ಯುರೋಪಿನ ಚಾಂಪಿಯನ್ ಆದಾಗಲೂ ತಂಡದಲ್ಲಿದ್ದ.

ಇದು ಪವಾಡ ಅಲ್ಲ, ಲೆಕ್ಕ. ನಾನು ಎಂಜಿನಿಯರಿಂಗ್ ಓದಿದವನು, ಕಂಟ್ರೋಲ್ ಸಿಸ್ಟಮ್ಸ್ ಅಂತ ಒಂದು ಪೇಪರ್ ಇತ್ತು. ಸೆನ್ಸರ್ ಅಳೆಯುತ್ತೆ, ಕಂಟ್ರೋಲರ್ ನಿರ್ಧಾರ ಮಾಡುತ್ತೆ, ವಾಲ್ವ್ ತೆರೆಯುತ್ತೆ ಇಲ್ಲಾ ಮುಚ್ಚುತ್ತೆ. ನಮ್ಮ ನಿಮ್ಮ ದೇಹದಲ್ಲಿ ಇದು ತಾನಾಗೇ ನಡೀತಿರುತ್ತೆ. ಓಡೋಕೆ ಶುರು ಮಾಡಿದರೆ ಇನ್ಸುಲಿನ್ ತಾನೇ ತಗ್ಗುತ್ತೆ. ಟೈಪ್ ಒನ್ ಇರೋ ಆಟಗಾರನಿಗೆ ಸೆನ್ಸರೂ ಅವನೇ, ಕಂಟ್ರೋಲರೂ ಅವನೇ. ಒಮ್ಮೆ ಚುಚ್ಚಿಕೊಂಡ ಇನ್ಸುಲಿನ್ ವಾಪಸ್ ತೆಗೆಯೋಕಾಗಲ್ಲ. 90 ನಿಮಿಷದ ಓಟ ಸಕ್ಕರೆಯನ್ನು ಕೆಳಗೆ ಎಳೆಯುತ್ತೆ. ಪಂದ್ಯದ ಟೆನ್ಷನ್, ಆ ಅಡ್ರಿನಲಿನ್, ಮೇಲಕ್ಕೆ ತಳ್ಳುತ್ತೆ. ಪಂದ್ಯ ಮುಗಿದು ಮಲಗಿದ ಮೇಲೆ, ನಡುರಾತ್ರಿ ಸಕ್ಕರೆ ಕುಸಿಯೋದೂ ಉಂಟು. ಇದರ ಮೇಲೆ ಇನ್ನೊಂದು ತಮಾಷೆ ನೋಡಿ: ಉದ್ದೀಪನ ಮದ್ದಿನ ನಿಷೇಧಿತ ಪಟ್ಟಿಯಲ್ಲಿ ಇನ್ಸುಲಿನ್ ಕೂಡ ಇದೆ. ಬದುಕಿರೋಕೆ ಬೇಕಾದ ಔಷಧಿಗೆ ವೃತ್ತಿಪರ ಆಟಗಾರ ವಿಶೇಷ ಅನುಮತಿ ತಗೋಬೇಕು.

ಬರೀ ಚೆಂದದ ಭಾಗ ಹೇಳಿ ಎದ್ದುಹೋದರೆ ಮೋಸ ಆಗುತ್ತೆ. ಇಂಗ್ಲೆಂಡಿನ ಗ್ಯಾರಿ ಮ್ಯಾಬಟ್‌ಗೆ 17ನೇ ವಯಸ್ಸಿಗೆ ಈ ಕಾಯಿಲೆ ಬಂತು. ಅವರಿಗೂ ಆಟ ಬಿಡು ಅಂದವರಿದ್ದರು. ಬಿಡಲಿಲ್ಲ. ಟಾಟೆನ್‌ಹ್ಯಾಮ್ ಕ್ಲಬ್ಬಿಗೆ 600ಕ್ಕೂ ಹೆಚ್ಚು ಪಂದ್ಯ ಆಡಿದರು, 1991ರಲ್ಲಿ ನಾಯಕನಾಗಿ ಎಫ್‌ಎ ಕಪ್ ಗೆದ್ದರು. ಮಕ್ಕಳ ಟಿವಿ ಕಾರ್ಯಕ್ರಮದಲ್ಲಿ ಒಂದು ಕಿತ್ತಳೆ ಹಣ್ಣಿಗೆ ಸೂಜಿ ಚುಚ್ಚಿ, ಇಂಜೆಕ್ಷನ್ ಹೇಗೆ ತಗೊಳ್ತೀನಿ ಅಂತ ಇಡೀ ದೇಶಕ್ಕೆ ತೋರಿಸಿದರು. ನಮ್ಮಲ್ಲಿ ಮದುವೆ ಆಗೋ ಹುಡುಗಿಗೆ ಟೈಪ್ ಒನ್ ಇದ್ದರೆ ಇನ್ಸುಲಿನ್ ಪೆನ್ನನ್ನು ಬೀರುವಿನಲ್ಲಿ ಬಚ್ಚಿಡ್ತೀವಿ. ಆದರೆ ಆಟ ಬಿಟ್ಟ ಮೇಲೆ, 2013ರಲ್ಲಿ, ಅದೇ ಮ್ಯಾಬಟ್‌ಗೆ ರಕ್ತನಾಳ ಕಟ್ಟಿಕೊಂಡು, ಎಡಗಾಲು ಉಳಿಸಲು ದೊಡ್ಡ ಶಸ್ತ್ರಚಿಕಿತ್ಸೆ ಆಯ್ತು. ಈ ಕಾಯಿಲೆ ನಿವೃತ್ತಿ ಆಗಲ್ಲ. ಕಾಲು, ಕಣ್ಣು, ಕಿಡ್ನಿ ಪರೀಕ್ಷೆ ತಪ್ಪಿಸೋ ಹಾಗಿಲ್ಲ. ಮಗನನ್ನು ಆಟಕ್ಕೆ ಕಳಿಸಿ ಅನ್ನೋ ನಾನೇ ಇದನ್ನೂ ಹೇಳಬೇಕು.

ಫುಟ್‌ಬಾಲ್ ನಮಗೆ ದೂರ ಅಂತೀರಾ? ಸರಿ, ಕ್ರಿಕೆಟ್ ತಗೊಳ್ಳಿ. ವಾಸಿಂ ಅಕ್ರಂಗೆ ಡಯಾಬಿಟಿಸ್ ಗೊತ್ತಾಗಿದ್ದು 1997ರಲ್ಲಿ. 1999ರ ಏಪ್ರಿಲ್ 4, ನಮ್ಮ ಚಿನ್ನಸ್ವಾಮಿ ಸ್ಟೇಡಿಯಂ, ಪೆಪ್ಸಿ ಕಪ್ ಫೈನಲ್. ಭಾರತ 123 ರನ್‌ಗಳಿಂದ ಸೋತ ಆ ಪಂದ್ಯ ಎಷ್ಟೋ ಜನರಿಗೆ ಇನ್ನೂ ಹೊಟ್ಟೆಯುರಿ. ಅವತ್ತು ಎದುರಾಳಿ ತಂಡದ ನಾಯಕ ಇನ್ಸುಲಿನ್ ಮೇಲೆ ಬದುಕುತ್ತಿದ್ದ ಮನುಷ್ಯ.

ಈಗ ಪಿಟಿ ಮೇಷ್ಟ್ರುಗಳಿಗೆ ಒಂದು ಮಾತು. ನಿಮ್ಮ ಭಯ ಸುಳ್ಳಲ್ಲ ಸರ್. 30 ಮಕ್ಕಳನ್ನು ಒಬ್ಬರೇ ನೋಡ್ಕೋಬೇಕು, ಏನಾದರೂ ಆದರೆ ಎಲ್ಲರೂ ನಿಮ್ಮ ಮೇಲೇ ಬೀಳ್ತಾರೆ. 2017ರಲ್ಲಿ ಸಿಬಿಎಸ್‌ಇ, ಟೈಪ್ ಒನ್ ಇರುವ ಮಕ್ಕಳು ಬೋರ್ಡ್ ಪರೀಕ್ಷೆ ಹಾಲಿಗೆ ತಿಂಡಿ, ಹಣ್ಣು ತರಬಹುದು ಅಂತ ಒಪ್ಪಿಕೊಂಡಿತು. ಪರೀಕ್ಷೆ ಹಾಲಿನಲ್ಲಿ ಸಿಕ್ಕಿದ್ದು ಮೈದಾನದಲ್ಲಿ ಯಾಕೆ ಸಿಗಬಾರದು?

ಮೊದಲು ಆ ಮಗುವಿನ ಡಾಕ್ಟರ್ ಹತ್ತಿರ ಬರೆಸಿಕೊಳ್ಳಿ: ಆಟಕ್ಕೆ ಮುಂಚೆ ಸಕ್ಕರೆ ಎಷ್ಟಿರಬೇಕು, ಎಷ್ಟಿದ್ದರೆ ಆಡಿಸಬಾರದು ಅಂತ. ಮೀಟರ್ ಮೈದಾನದ ಪಕ್ಕದಲ್ಲೇ ಇರಲಿ, ಸ್ಟಾಫ್ ರೂಮಿನ ಬೀಗದೊಳಗೆ ಅಲ್ಲ. ಆಡ್ತಾ ಆಡ್ತಾ ಹುಡುಗ ನಡುಗಿದರೆ, ತಣ್ಣಗೆ ಬೆವರಿದರೆ, ತೊದಲಿದರೆ, ಕಾರಣ ಇಲ್ಲದೆ ಸಿಡುಕಿದರೆ, ಅದು ನಾಟಕ ಅಲ್ಲ, ಸಕ್ಕರೆ ಇಳಿದಿರೋ ಲಕ್ಷಣ. ಎಚ್ಚರ ಇದ್ದರೆ 3 ಚಮಚ ಸಕ್ಕರೆ ನೀರಿಗೆ ಕಲಸಿ ಕೊಡಿ, 15 ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಒಬ್ಬನನ್ನೇ ಕ್ಲಾಸಿಗೆ ಕಳಿಸಬೇಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ತಕ್ಷಣ 108ಕ್ಕೆ ಫೋನ್ ಮಾಡಿ.